ಭಕ್ತಿಯ ಗರ್ವ ಯಾವುದು, ನಿಜವಾದ ನಂಬಿಕೆ ಯಾವುದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನಿಮ್ಮ ಸಭೆಯ, ಅಂದರೆ ಚರ್ಚಿನ, ಆರಾಧನೆಯಲ್ಲಿ ಎಲ್ಲರಿಗಿಂತ ಜೋರಾಗಿ ಪ್ರಾರ್ಥಿಸುವವರು, ಬೈಬಲ್ ವಾಕ್ಯಗಳನ್ನು ಬಾಯಿಪಾಠ ಒಪ್ಪಿಸುವವರು ಹೊರಗೆ ಬಂದ ಕೂಡಲೇ ಬೇರೆಯವರನ್ನು ಕೀಳಾಗಿ ಕಾಣುತ್ತಾರೆ. ಇದನ್ನು ನೋಡಿ ನೋಡಿ ನಿಮಗೆ ಸಾಕಾಗಿದೆ. ಈಗ ‘ಸದ್ಯ, ನಾನು ಇವರ ಹಾಗಲ್ಲ’ ಎಂದು ನಿಮ್ಮ ಮನಸ್ಸೂ ಹೇಳತೊಡಗಿದೆ, ಅದು ನಿಮಗೆ ಭಯ ತಂದಿದೆ. ಹಾಗಾದರೆ ನಿಜವಾದ ನಂಬಿಕೆಯನ್ನು ಗುರುತಿಸುವುದು ಹೇಗೆ? ಆ ಸಭೆಯಲ್ಲಿ ಉಳಿಯಬೇಕಾ, ಬಿಡಬೇಕಾ?

ನಾನೂ ಕ್ರಿಸ್ತನನ್ನು ನಂಬುವವಳು. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ನಿಮ್ಮ ಭಯದಿಂದಲೇ ಶುರು ಮಾಡುತ್ತೇನೆ.

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಸಾಮ್ಯ, ಅಂದರೆ ನೀತಿಕಥೆ, ಇದೆ. ಇಬ್ಬರು ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ, ಇನ್ನೊಬ್ಬ ಸುಂಕದವನು. ನಾವು ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೇವೆ. ಹಾಗಾಗಿ ಫರಿಸಾಯ ಅಂದ ಕೂಡಲೇ ಕೆಟ್ಟವನು ಎಂದು ಮೊದಲೇ ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಅವತ್ತು ಎದುರಿಗೆ ಕೂತು ಕೇಳಿದವರಿಗೆ ಹಾಗೆ ಅನಿಸಿರಲಿಕ್ಕಿಲ್ಲ. ಫರಿಸಾಯರು ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವರು, ಜನರ ಗೌರವ ಗಳಿಸಿದ್ದವರು. ಸುಂಕದವರು ರೋಮ್ ಆಳ್ವಿಕೆಗಾಗಿ ತಮ್ಮ ಜನರಿಂದಲೇ ವಸೂಲಿ ಮಾಡುತ್ತಿದ್ದವರು, ಅದರಲ್ಲೂ ಜಾಸ್ತಿ ಕಿತ್ತುಕೊಳ್ಳುತ್ತಾರೆ ಎಂಬ ಕೆಟ್ಟ ಹೆಸರು ಪಡೆದಿದ್ದವರು.

ಫರಿಸಾಯ ಹೇಳಿದ್ದನ್ನು ಗಮನಿಸಿ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ ಅನ್ನುತ್ತಾನೆ. ಮೋಶೆಯ ಧರ್ಮಶಾಸ್ತ್ರ ಎಲ್ಲರಿಗೂ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದೇ ದಿನ, ದೋಷಪರಿಹಾರಕ ದಿನ. ಸಂಪಾದನೆಯಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುತ್ತೇನೆ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನೆಂದು ಯೇಸು ಎಲ್ಲೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಆ ಒಳ್ಳೆಯತನಕ್ಕಾಗಿ ಅವನು ದೇವರಿಗೆ ಸ್ತೋತ್ರ ಮಾಡುತ್ತಾನೆ. ಮಾತಿನಲ್ಲಿ ಅವನದು ಸರಿಯಾದ ಪ್ರಾರ್ಥನೆಯೇ.

ಕೆಟ್ಟದ್ದು ಒಂದೇ ಕಡೆ. ಪ್ರಾರ್ಥನೆಯ ನಡುವೆ ಅವನ ಕಣ್ಣು ಪಕ್ಕಕ್ಕೆ ಹೊರಳುತ್ತದೆ. ‘ಈ ಸುಂಕದವನ ಹಾಗೂ ಅಲ್ಲ’ ಅನ್ನುತ್ತಾನೆ. ದೇವರ ಮುಂದೆ ತಾನು ದೊಡ್ಡವನಾಗಿ ಕಾಣಲು ಅವನಿಗೆ ಇನ್ನೊಬ್ಬ ಸಣ್ಣವನು ಬೇಕಾಯಿತು. ಸುಂಕದವನ ಪ್ರಾರ್ಥನೆಯಲ್ಲಿ ಬೇರೆ ಯಾರೂ ಇಲ್ಲ. ಎದೆ ಬಡಿದುಕೊಂಡು ‘ಪಾಪಿಯಾದ ನನ್ನನ್ನು ಕರುಣಿಸು’ ಎಂದಷ್ಟೇ ಕೇಳುತ್ತಾನೆ. ದೇವರು ಮೆಚ್ಚಿದ್ದು ಇವನನ್ನು.

ನನ್ನ ಉತ್ತರ ಇಷ್ಟೇ: ಒಬ್ಬರ ನಂಬಿಕೆಯಲ್ಲಿ ಬೇರೆಯವರಿಗೆ ಯಾವ ಜಾಗ ಇದೆ ಎಂದು ನೋಡಿ. ಮೆಟ್ಟಿಲಿನ ಹಾಗೆ ತುಳಿಯಲು ಇನ್ನೊಬ್ಬರು ಬೇಕಾಗುವ ಭಕ್ತಿ ಗರ್ವ. ಅದು ಎಷ್ಟೇ ಶಿಸ್ತಿನದಾಗಿರಲಿ, ಕಣ್ಣೀರು ತುಂಬಿದ್ದಾಗಿರಲಿ. ನಿಜವಾದ ನಂಬಿಕೆಗೆ ತಾನು ಸರಿ ಅನ್ನಿಸಿಕೊಳ್ಳಲು ಯಾರೂ ಕೆಳಗಿರಬೇಕಾಗಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಫರಿಸಾಯರೆಲ್ಲರೂ ಕಪಟಿಗಳಾಗಿರಲಿಲ್ಲ. ರಾತ್ರಿ ಬಂದು ಯೇಸುವನ್ನು ಕಂಡ ನಿಕೊದೇಮ ಫರಿಸಾಯ. ಯೇಸುವಿನ ಅಪೊಸ್ತಲರನ್ನು ಕೊಲ್ಲಬೇಡಿ ಎಂದು ಯೆಹೂದ್ಯರ ನ್ಯಾಯಸಭೆಯಲ್ಲಿ ಎದ್ದು ನಿಂತು ಹೇಳಿದ ಗಮಲಿಯೇಲ ಫರಿಸಾಯ. ತೋರಿಕೆಯ ಭಕ್ತಿಯನ್ನು ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುದ್ ಕೂಡ ಕಟುವಾಗಿ ಟೀಕಿಸುತ್ತದೆ. ಆದರೆ ಕ್ರೈಸ್ತರು ಶತಮಾನಗಳ ಕಾಲ ‘ಫರಿಸಾಯ’ ಎಂಬ ಹೆಸರನ್ನು ಇಡೀ ಯೆಹೂದ್ಯ ಜನರ ಮೇಲೆ ಬೈಗುಳವಾಗಿ ಎಸೆದರು. ಗರ್ವದ ವಿರುದ್ಧ ಹೇಳಿದ ಕಥೆಯಿಂದಲೇ ಗರ್ವ ಪಡೆದುಕೊಂಡರು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಈ ಜಾರಿಕೆ ಎಷ್ಟು ಬೇಗ ಶುರುವಾಯಿತು ಗೊತ್ತಾ? ಉಪವಾಸ ಮಾಡುವಾಗ ಕಪಟಿಗಳ ಹಾಗೆ ಮುಖ ಬಾಡಿಸಿಕೊಳ್ಳಬೇಡಿ, ಮುಖ ತೊಳೆದುಕೊಂಡು ಗುಟ್ಟಾಗಿ ಮಾಡಿ ಎಂದು ಯೇಸು ಹೇಳಿದ್ದ. ಅದು ಮತ್ತಾಯನ 6ನೇ ಅಧ್ಯಾಯದಲ್ಲಿದೆ. ದಿದಾಖೆ ಎಂಬ ಬಹಳ ಹಳೆಯ ಕ್ರೈಸ್ತ ಬರಹವೂ ಕಪಟಿಗಳ ಹಾಗೆ ಉಪವಾಸ ಮಾಡಬೇಡಿ ಅನ್ನುತ್ತದೆ. ಆದರೆ ಅದು ಕೊಡುವ ಪರಿಹಾರ ಏನು? ಅವರು ಸೋಮವಾರ, ಗುರುವಾರ ಉಪವಾಸ ಇರುತ್ತಾರೆ, ನೀವು ಬುಧವಾರ, ಶುಕ್ರವಾರ ಇರಿ ಅಂತ. ಯೇಸು ಹೃದಯದ ಬಗ್ಗೆ ಹೇಳಿದ್ದು ಇಲ್ಲಿ ವಾರದ ಲೆಕ್ಕವಾಯಿತು. ‘ನಾವು’ ಮತ್ತು ‘ಅವರು’ ಎಂಬ ಗೆರೆ ಮಾತ್ರ ಹಾಗೇ ಉಳಿಯಿತು. ಆ ದಿನಗಳಲ್ಲಿ ಉಪವಾಸ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಇಂದಿಗೂ ಎಷ್ಟೋ ಮಂದಿ ಶ್ರದ್ಧೆಯಿಂದ ಮಾಡುತ್ತಾರೆ.

ನಿಮ್ಮ ಮನಸ್ಸಿನಲ್ಲಿ ಎದ್ದ ಆ ಯೋಚನೆಯೂ ಹೊಸದಲ್ಲ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬದುಕಿದ ಸನ್ಯಾಸಿಗಳು ಇದನ್ನು ಚೆನ್ನಾಗಿ ಬಲ್ಲವರು. ಅವರಲ್ಲಿ ಒಬ್ಬನಾದ ಇವಾಗ್ರಿಯಸ್ ಮನುಷ್ಯನನ್ನು ಕಾಡುವ ಎಂಟು ಕೆಟ್ಟ ಯೋಚನೆಗಳನ್ನು ಹೆಸರಿಸಿದ. ಕೊನೆಯ ಎರಡು, ಹೊಗಳಿಕೆಯ ಆಸೆ ಮತ್ತು ಗರ್ವ. ಉಳಿದವುಗಳ ಜೊತೆ ಹೋರಾಡಿ ಗೆದ್ದವನನ್ನೇ ಇವು ಹಿಡಿಯುತ್ತವೆ. ಅವನ ನಂತರ ಜಾನ್ ಕ್ಯಾಸಿಯನ್ ಎಂಬ ಇನ್ನೊಬ್ಬ ಸನ್ಯಾಸಿ ಇದನ್ನು ಇನ್ನೂ ಬಿಡಿಸಿ ಹೇಳಿದ. ಒಳ್ಳೆಯ ಬಟ್ಟೆಯಿಂದ ಹೆಮ್ಮೆ ಬರದಿದ್ದರೆ ಹರಿದ ಬಟ್ಟೆಯಿಂದ ಬರುತ್ತದೆ. ಮಾತಿನಿಂದ ಬರದಿದ್ದರೆ ಮೌನದಿಂದ ಬರುತ್ತದೆ. ಉಪವಾಸವನ್ನು ತೋರಿಸಿದರೂ ಹೆಮ್ಮೆ, ಮುಚ್ಚಿಟ್ಟರೂ ಹೆಮ್ಮೆ. ಹಾಗಾಗಿ ನಿಮ್ಮೊಳಗೆ ಆ ಯೋಚನೆ ಎದ್ದದ್ದಕ್ಕೆ ನಿಮ್ಮ ನಂಬಿಕೆ ಸುಳ್ಳು ಅಂದುಕೊಳ್ಳಬೇಡಿ. ಅದು ಬಂದಾಗ ನಿಮಗೆ ಭಯವಾಯಿತಲ್ವಾ, ಆ ಭಯ ಒಳ್ಳೆಯದು.

ಕಪಟ ಅಂದರೆ ಬೇಕೂಂತ ನಾಟಕ ಮಾಡುವುದು ಎಂದು ನಾವು ಅಂದುಕೊಳ್ಳುತ್ತೇವೆ. ಅಂಥವರೂ ಇದ್ದಾರೆ. ಆದರೆ ಜಾಸ್ತಿ ಹಾನಿ ಮಾಡುವವರು ತಮ್ಮ ಭಕ್ತಿ ನಿಜ ಎಂದು ಮನಸಾರೆ ನಂಬಿದವರು.

ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ತನ್ನ ಒಡೆಯನ ಬಗ್ಗೆ ಬರೆದಿದ್ದಾನೆ. 1832ರಲ್ಲಿ ಆ ಒಡೆಯ ಮೆಥೊಡಿಸ್ಟ್ ಎಂಬ ಕ್ರೈಸ್ತ ಪಂಗಡದವರ ಒಂದು ಕೂಟಕ್ಕೆ ಹೋಗಿ ಮಾನಸಾಂತರ ಹೊಂದಿದ. ಇನ್ನು ನಮ್ಮನ್ನು ಬಿಡುಗಡೆ ಮಾಡಬಹುದು, ಕಡೇಪಕ್ಷ ಸ್ವಲ್ಪ ಕರುಣೆಯನ್ನಾದರೂ ತೋರಿಸಬಹುದು ಎಂದು ಡಗ್ಲಸ್ ಆಸೆಪಟ್ಟ. ಎರಡೂ ಆಗಲಿಲ್ಲ. ಮನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪ್ರಾರ್ಥನೆ ನಡೆಯಿತು. ಬೋಧಕರು ಬಂದು ಉಳಿದುಕೊಂಡರು. ಅದೇ ಮನೆಯಲ್ಲಿ ಅಂಗವಿಕಲೆಯಾದ ಒಬ್ಬ ಯುವತಿಯನ್ನು ಕಟ್ಟಿಹಾಕಿ, ಚಾವಟಿಯಿಂದ ರಕ್ತ ಬರುವಂತೆ ಹೊಡೆದು, ಅದು ಸರಿ ಎಂದು ಸಾಧಿಸಲು ಆ ಒಡೆಯ ಬೈಬಲ್ ವಾಕ್ಯ ಹೇಳಿದ. ಮೊದಲು ಅವನ ಕ್ರೌರ್ಯಕ್ಕೆ ದೇವರ ಒಪ್ಪಿಗೆ ಇರಲಿಲ್ಲ, ಈಗ ಅದೂ ಸಿಕ್ಕಿತು ಎಂಬಂತಾಯಿತು. ಇಷ್ಟೆಲ್ಲ ಕಂಡ ಡಗ್ಲಸ್ 1845ರಲ್ಲಿ ಬರೆದದ್ದೇನು? ಕ್ರಿಸ್ತನ ಧರ್ಮವನ್ನು ನಾನು ಪ್ರೀತಿಸುತ್ತೇನೆ, ಆದ್ದರಿಂದಲೇ ಹೆಂಗಸರನ್ನು ಚಾವಟಿಯಿಂದ ಹೊಡೆಯುವ ಈ ಧರ್ಮವನ್ನು ದ್ವೇಷಿಸುತ್ತೇನೆ ಎಂದು. ಕಪಟಿಗಳಿಂದಾಗಿ ನಂಬಿಕೆಯನ್ನೇ ಬಿಡಬೇಕು ಅನ್ನಿಸಿದಾಗ ನಾನು ಮತ್ತೆ ಮತ್ತೆ ಓದುವುದು ಈ ಮಾತನ್ನೇ.

ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್ ಕಥೆ ಇನ್ನೂ ತಳಮಳ ಹುಟ್ಟಿಸುತ್ತದೆ. 1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಅವನು ದೇವರ ಕಡೆ ತಿರುಗಿದ. ಆಮೇಲೂ 1754ರ ತನಕ ಗುಲಾಮರನ್ನು ಸಾಗಿಸುವ ಹಡಗುಗಳ ಕೆಲಸದಲ್ಲೇ ಇದ್ದ, ಅವುಗಳ ಕ್ಯಾಪ್ಟನ್ ಕೂಡ ಆದ. ಭಾನುವಾರ ಹಡಗಿನ ಮೇಲೆ ಆರಾಧನೆ ನಡೆಸುತ್ತಿದ್ದ. ಕೆಳಗೆ ಸರಪಳಿಯಲ್ಲಿ ಮನುಷ್ಯರಿದ್ದರು. ಅವನು ನಟಿಸುತ್ತಿರಲಿಲ್ಲ, ನಿಜವಾಗಿ ಪ್ರಾರ್ಥಿಸುತ್ತಿದ್ದ. ಕೆಳಗಿದ್ದವರು ಅವನ ಕಣ್ಣಿಗೆ ನೆರೆಯವರಾಗಿ ಕಾಣಲಿಲ್ಲ ಅಷ್ಟೆ. ಮುಂದೆ ಪಾದ್ರಿಯಾದ, 1788ರಲ್ಲಿ ಆ ವ್ಯಾಪಾರದ ವಿರುದ್ಧ ಕಿರುಹೊತ್ತಿಗೆ ಬರೆದ. ನನ್ನ ತಪ್ಪೊಪ್ಪಿಗೆ ಬಹಳ ತಡವಾಗಿ ಬಂತು ಎಂದು ಅದರಲ್ಲಿ ತಾನೇ ಒಪ್ಪಿಕೊಂಡ. ತಡವಾದದ್ದು ನಿಜ. ಆದರೆ ಒಪ್ಪಿಕೊಂಡ, ಎಲ್ಲರೂ ಓದುವ ಹಾಗೆ, ತನ್ನ ಹೆಸರು ಹಾಕಿ. ನಾನು ನೋಡಿದ ಮಟ್ಟಿಗೆ ಗರ್ವದಿಂದ ಆಗದ ಕೆಲಸ ಇದೊಂದೇ.

ದೊಡ್ಡ ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಅಂತಿಯೋಕ್ಯ ಎಂಬ ಊರಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ ಹೆದರಿ ಹಿಂದೆ ಸರಿದ. ಬಾರ್ನಬನೂ ಅವನ ಜೊತೆ ಸೇರಿಕೊಂಡ. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದನ್ನು ನೇರವಾಗಿ ಕಪಟ ಎಂದೇ ಕರೆಯುತ್ತಾನೆ, ಎಲ್ಲರ ಮುಂದೆ ಪೇತ್ರನನ್ನು ಪ್ರಶ್ನಿಸಿದ್ದನ್ನೂ ಹೇಳುತ್ತಾನೆ. ಗರ್ವದಿಂದ ಮಾತ್ರವಲ್ಲ, ‘ಅವರು ಏನಂದುಕೊಳ್ಳುತ್ತಾರೋ’ ಎಂಬ ಹೆದರಿಕೆಯಿಂದಲೂ ಕಪಟ ಹುಟ್ಟುತ್ತದೆ. ನಿಮ್ಮ ಸಭೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವವರಲ್ಲಿ ಕೆಲವರು ಹೀಗೆ ಹೆದರಿದವರಿರಬಹುದು. ಅವರ ಮೇಲೆ ಸ್ವಲ್ಪ ಕರುಣೆ ಇರಲಿ.

ಇನ್ನು ನಿಜವಾದ ನಂಬಿಕೆ. ಮತ್ತಾಯನ ಸುವಾರ್ತೆಯ ಎರಡು ಭಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. 7ನೇ ಅಧ್ಯಾಯದಲ್ಲಿ ಕೆಲವರು ತೀರ್ಪಿನ ದಿನ ಪಟ್ಟಿ ಹಿಡಿದು ಬರುತ್ತಾರೆ. ‘ಕರ್ತನೇ, ನಿನ್ನ ಹೆಸರಿನಲ್ಲಿ ಪ್ರವಾದನೆ ಹೇಳಿದೆವಲ್ಲ, ದೆವ್ವ ಬಿಡಿಸಿದೆವಲ್ಲ, ಅದ್ಭುತ ಮಾಡಿದೆವಲ್ಲ.’ ಅವರಿಗೆ ಸಿಗುವ ಉತ್ತರ, ನೀವು ಯಾರೋ ನನಗೆ ಗೊತ್ತೇ ಇಲ್ಲ. 25ನೇ ಅಧ್ಯಾಯದಲ್ಲಿ ಅರಸನು ಬಲಗಡೆ ನಿಂತವರನ್ನು ಹೊಗಳುತ್ತಾನೆ. ಹಸಿದಾಗ ಊಟ ಕೊಟ್ಟಿರಿ, ಸೆರೆಮನೆಯಲ್ಲಿದ್ದಾಗ ನೋಡಲು ಬಂದಿರಿ. ಅವರು ಗೊಂದಲಗೊಳ್ಳುತ್ತಾರೆ. ‘ನಿನ್ನನ್ನು ನಾವು ಯಾವಾಗ ನೋಡಿದೆವು?’ ಅಂತ ಕೇಳುತ್ತಾರೆ. ಅವರ ಹತ್ತಿರ ಪಟ್ಟಿಯೇ ಇಲ್ಲ. ಹಸಿದವನನ್ನು ನೋಡಿದರು, ಊಟ ಕೊಟ್ಟರು, ಮರೆತರು. ಅವರ ಕಣ್ಣು ಹಸಿದವನ ಮೇಲಿತ್ತು, ತಮ್ಮ ಮೇಲಿರಲಿಲ್ಲ. ದೀನತೆ ಎಂದರೆ ತನ್ನನ್ನು ಬೈದುಕೊಳ್ಳುತ್ತಾ ಕೂರುವುದು ಎಂದು ಅಂದುಕೊಂಡವರಿಗೆ ಈ ಭಾಗ ತುಂಬಾ ಮುಖ್ಯ. ‘ನಾನು ಎಂಥ ಪಾಪಿ’ ಎಂದು ದಿನವಿಡೀ ಹೇಳುವವನೂ ದಿನವಿಡೀ ತನ್ನ ಬಗ್ಗೆಯೇ ಮಾತನಾಡುತ್ತಿದ್ದಾನೆ.

ಅದೇ ಈಜಿಪ್ಟಿನ ಮರುಭೂಮಿಯಲ್ಲಿ ಮೋಸೆಸ್ ಎಂಬ ಹಿರಿಯನಿದ್ದ. ಮೊದಲು ದರೋಡೆಕೋರನಾಗಿದ್ದವನು. ಒಬ್ಬ ಸಹೋದರ ತಪ್ಪು ಮಾಡಿದ್ದಾನೆ, ತೀರ್ಪು ಮಾಡಲು ಬಾ ಎಂದು ಅವನನ್ನು ಕರೆದರು. ತೂತಾದ ಪಾತ್ರೆಯಲ್ಲಿ ನೀರು ತುಂಬಿ, ಹೊತ್ತುಕೊಂಡು ಬಂದ. ಇದೇನು ಎಂದು ಕೇಳಿದರೆ, ನನ್ನ ಪಾಪಗಳು ಹಿಂದೆ ಸೋರುತ್ತಿವೆ, ನನಗೆ ಕಾಣಿಸುತ್ತಿಲ್ಲ, ನಾನು ಇನ್ನೊಬ್ಬನ ತಪ್ಪಿಗೆ ತೀರ್ಪು ಕೊಡಲು ಬಂದಿದ್ದೇನೆ ಅಂದ. ಆ ಸಹೋದರನನ್ನು ಅವರು ಕ್ಷಮಿಸಿದರು.

ಈ ಕಥೆಯನ್ನು ತಪ್ಪಾಗಿ ಬಳಸುವುದನ್ನೂ ನಾನು ನೋಡಿದ್ದೇನೆ. ನೊಂದವರು ಬಾಯಿ ತೆರೆದರೆ ಸಾಕು, ‘ತೀರ್ಪು ಮಾಡಬೇಡಿ’ ಎಂಬ ವಾಕ್ಯ ಅವರ ಮೇಲೆ ಬೀಳುತ್ತದೆ. ಇದು ಅನ್ಯಾಯ. ವಿಧವೆಯರ ಮನೆಗಳನ್ನು ನುಂಗಿ, ತೋರಿಕೆಗೆ ಉದ್ದುದ್ದ ಪ್ರಾರ್ಥನೆ ಮಾಡುವವರನ್ನು ಯೇಸು ಎಲ್ಲರ ಎದುರೇ ಖಂಡಿಸಿದ. ಸಭೆಯಲ್ಲಿ ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ನೆಲ, ಹೀಗೆ ಮುಖ ನೋಡಿ ಮಣೆ ಹಾಕುವುದನ್ನು ಯಾಕೋಬನ ಪತ್ರ ನೇರವಾಗಿ ಪಾಪ ಅನ್ನುತ್ತದೆ. ಒಬ್ಬರಿಗೆ ನೋವಾಗುತ್ತಿದ್ದರೆ ಅದನ್ನು ಹೇಳುವುದು ಗರ್ವವಲ್ಲ. ನೊಂದವರ ಪರವಾಗಿ ಮಾತನಾಡುತ್ತಿದ್ದೀರಾ, ನೀವು ಮೇಲು ಎಂದು ತೋರಿಸಲು ಮಾತನಾಡುತ್ತಿದ್ದೀರಾ, ಅಷ್ಟನ್ನು ಮಾತ್ರ ಕೇಳಿಕೊಳ್ಳಿ.

ನಿಮ್ಮ ಪ್ರಾರ್ಥನೆಯನ್ನು ನಿಲ್ಲಿಸಬೇಡಿ. ಗರ್ವ ಬೆರೆತಿದೆ ಎಂದು ಪ್ರಾರ್ಥನೆ ಬಿಟ್ಟವರಿಗೆ ಗರ್ವ ಹೋಗಿದ್ದನ್ನು ನಾನು ಕಂಡಿಲ್ಲ, ಪ್ರಾರ್ಥನೆ ಹೋಗಿದ್ದನ್ನು ಕಂಡಿದ್ದೇನೆ. ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸಿ ಎಂಬ ಯೇಸುವಿನ ಮಾತನ್ನು ಅಕ್ಷರಶಃ ಪಾಲಿಸಿ ನೋಡಿ. ನಿಮಗೆ ಕಿರಿಕಿರಿ ಮಾಡುವ ಆ ವ್ಯಕ್ತಿಗಾಗಿಯೂ ಅಲ್ಲಿ ಪ್ರಾರ್ಥಿಸಿ, ಅವರು ಬದಲಾಗಲಿ ಎಂದಲ್ಲ, ಅವರಿಗೆ ಒಳ್ಳೆಯದಾಗಲಿ ಎಂದು. ಯಾರಿಗೂ ಗೊತ್ತಾಗದ ಹಾಗೆ ಯಾರಿಗಾದರೂ ಒಂದು ಉಪಕಾರ ಮಾಡಿ. ಆಮೇಲೆ ಅದನ್ನು ಯಾರಿಗಾದರೂ ಹೇಳಬೇಕು ಅಂತ ತುಂಬಾ ಅನಿಸುತ್ತದೆ. ಆಗ ಹೇಳದೆ ಇರುವುದೇ ಅಭ್ಯಾಸ.

ಸಭೆ ಬಿಡುವ ವಿಷಯಕ್ಕೆ ಬಂದರೆ, ಕಪಟಿಗಳೇ ಇಲ್ಲದ ಸಭೆಯನ್ನು ಹುಡುಕಬೇಡಿ. ಗೋಧಿ, ಕಳೆ ಎರಡೂ ಸುಗ್ಗಿಯ ತನಕ ಒಟ್ಟಿಗೆ ಬೆಳೆಯುತ್ತವೆ ಎಂದು ಯೇಸುವೇ ಹೇಳಿದ. ಕ್ರೈಸ್ತರ ಮೇಲೆ ನಡೆದ ಹಿಂಸೆಗೆ ಹೆದರಿ ಸೋತ ಪಾದ್ರಿಗಳು ನಡೆಸಿದ ದೀಕ್ಷಾಸ್ನಾನದಂಥ ಸಂಸ್ಕಾರ ನಮಗೆ ಬೇಡ ಎಂದು ಉತ್ತರ ಆಫ್ರಿಕಾದಲ್ಲಿ ದೊನಾತಿಸ್ಟರು ಎಂಬ ಕ್ರೈಸ್ತರ ಗುಂಪು ಬೇರೆಯಾಯಿತು. ಅವರ ಜೊತೆ ವಾದ ಮಾಡುವಾಗ ಅಲ್ಲಿನ ಬಿಷಪ್ ಅಗಸ್ಟೀನ್ ಮತ್ತೆ ಮತ್ತೆ ತೋರಿಸಿದ್ದು ಈ ಗೋಧಿಯ ಸಾಮ್ಯವನ್ನೇ. ನಾನು ನೋಡುವುದು ಬೇರೆ ಒಂದು ವಿಷಯವನ್ನು. ಅಂತಿಯೋಕ್ಯದಲ್ಲಿ ಪೇತ್ರನನ್ನೇ ಪ್ರಶ್ನಿಸಲು ಸಾಧ್ಯವಾಯಿತು. ನಿಮ್ಮ ಸಭೆಯಲ್ಲಿ ಮುಂದಿರುವವರನ್ನು ಹಾಗೆ ಕೇಳಬಹುದಾ? ಕೇಳಿದರೆ ‘ತಪ್ಪಾಯಿತು’ ಎಂಬ ಮಾತು ಅಲ್ಲಿ ಯಾರ ಬಾಯಿಂದಲಾದರೂ ಬಂದಿದೆಯಾ? ಬಂದಿದ್ದರೆ ಉಳಿಯಿರಿ, ತಾಳ್ಮೆಯಿಂದ ಇರಿ. ಕೇಳಿದವರನ್ನೇ ನಂಬಿಕೆ ಇಲ್ಲದವರು ಎಂದು ದೂರ ಇಡುವ ಕಡೆ ಇರಲೇಬೇಕೆಂದಿಲ್ಲ, ಬೇರೆ ಸಭೆಗೆ ಹೋಗುವುದು ದೇವರನ್ನು ಬಿಟ್ಟ ಹಾಗಲ್ಲ. ಹೋಗುವುದಾದರೆ, ಅಲ್ಲಿ ನೀವು ಕಂಡಂತೆ ಅವಮಾನ ಅನುಭವಿಸಿದವರು ಯಾರಾದರೂ ಇದ್ದರೆ ಮೊದಲು ಅವರನ್ನು ಮಾತನಾಡಿಸಿ. ನಿಮಗೆ ಬಂದ ಪ್ರಶ್ನೆ ಅವರಿಗೂ ಬಂದಿರುತ್ತದೆ.