ಮೆಣಸಿನಕಾಯಿ ರೋಗಕ್ಕೆ ಬೆಳ್ಳುಳ್ಳಿ ಕಷಾಯ ಒಳ್ಳೇದಾ, ಟ್ರೈಕೋಡರ್ಮಾ ಒಳ್ಳೇದಾ?

ನಾನು ಕುರುಗೋಡು ಕಡೆಯವನು. ಎರೆ ಹೊಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತೇನೆ. ಬೆಳ್ಳುಳ್ಳಿ ಮನೆಯಲ್ಲೇ ಇರುವಾಗ ಟ್ರೈಕೋಡರ್ಮಾ ಅನ್ನುವ ಶಿಲೀಂಧ್ರದ ಪುಡಿಗೆ ಯಾಕೆ ದುಡ್ಡು ಅಂತ ನಾನೂ ಲೆಕ್ಕ ಹಾಕಿ ಕಷಾಯಕ್ಕೇ ಇಳಿದಿದ್ದೆ.

ಆ ವರ್ಷ ಕಾಯಿ ಕೆಂಪಾಗುವ ಹೊತ್ತಿಗೆ ಮೋಡ ಮುಸುಕಿ ಜಡಿಮಳೆ ಹಿಡಿಯಿತು. ಹಣ್ಣಿನ ಮೇಲೆ ತಗ್ಗು ಬಿದ್ದ ಕಲೆ, ಅದರೊಳಗೆ ಸುತ್ತುಸುತ್ತಾಗಿ ಕಪ್ಪು ಚುಕ್ಕಿ. ಕಾಯಿಕೊಳೆ ರೋಗ. ಬೆಳ್ಳುಳ್ಳಿ ಎಸಳು ಬಿಡಿಸಿ, ಹಂಡೆಗೆ ಹಾಕಿ, ಚೆನ್ನಾಗಿ ಕುದಿಸಿ, ಆರಿಸಿ ಸೋಸಿ ಹೊಡೆದೆ. ರೋಗ ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಲಿ ಅಂತ ಮತ್ತಷ್ಟು ಹೊತ್ತು ಕುದಿಸಿ ಹೊಡೆದೆ. ಕಣದಲ್ಲಿ ಒಣಹಾಕಿದಾಗ ಬಿಳಿಚಿದ ಕಾಯಿಯೇ ಜಾಸ್ತಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಬಣ್ಣ ಇಲ್ಲದ ಕಾಯಿಗೆ ಸಿಕ್ಕ ರೇಟು ಬಿಡಿಸಿದ ಕೂಲಿಗೂ ಸಾಲಲಿಲ್ಲ.

ಕುದಿಸಿದ್ದೇ ತಪ್ಪು. ನೀವೂ ಪ್ರಶ್ನೆಯಲ್ಲಿ ಕಷಾಯ ಅಂತಲೇ ಬರೆದಿದ್ದೀರಿ, ಅದಕ್ಕೇ ಇದನ್ನು ಉದ್ದಕ್ಕೆ ಹೇಳುತ್ತೇನೆ. ಇಡೀ ಎಸಳನ್ನು ಮೂಸಿ ನೋಡಿ, ಅಷ್ಟೇನೂ ವಾಸನೆ ಇರಲ್ಲ. ಜಜ್ಜಿದ ಕೂಡಲೇ ಮೂಗಿಗೆ ಹೊಡೆಯುತ್ತದೆ, ಅಲ್ವಾ? ಎಸಳಿನ ಜೀವಕೋಶದಲ್ಲಿ ಅಲಿಯಿನ್ ಅನ್ನುವ ಗಂಧಕದ ಪದಾರ್ಥ ಒಂದು ಕಡೆ, ಅಲಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕೋಶ ಒಡೆದಾಗ ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ. ಹುಳ ಕಚ್ಚಿದರೆ ಬೆಳ್ಳುಳ್ಳಿ ತನ್ನನ್ನು ಕಾಪಾಡಿಕೊಳ್ಳುವುದೂ ಹೀಗೇ. 1944ರಲ್ಲಿ ಕ್ಯಾವಲಿಟೋ ಮತ್ತು ಬೈಲಿ ಅನ್ನುವ ವಿಜ್ಞಾನಿಗಳು ಈ ಅಲಿಸಿನ್ ಬೇರ್ಪಡಿಸಿ, ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಅಂತ ತೋರಿಸಿದರು. ಶಿಲೀಂಧ್ರಗಳನ್ನೂ ತಡೆಯುತ್ತದೆ. ಆದರೆ ಆ ಕಿಣ್ವ ಕುದಿಯುವ ಬಿಸಿಯನ್ನು ತಾಳಲ್ಲ. ಇಡೀ ಎಸಳು ಕುದಿಸಿದರೆ ಅಲಿಸಿನ್ ಹುಟ್ಟುವುದೇ ಇಲ್ಲ. ಜಜ್ಜಿ ಕುದಿಸಿದರೆ ಹುಟ್ಟಿದ್ದೂ ಒಡೆದು ಹೋಗುತ್ತದೆ. ನಾನು ಗಿಡಕ್ಕೆ ಹೊಡೆದದ್ದು ಬೆಳ್ಳುಳ್ಳಿ ಬೆಂದ ನೀರು, ಅಷ್ಟೇ.

ರೈತರು ಮನೆಯಲ್ಲೇ ಮಾಡಿಕೊಳ್ಳುವ ಅಗ್ನಿಅಸ್ತ್ರ ಅನ್ನುವ ಔಷಧಿಯಲ್ಲಿ ಬೆಳ್ಳುಳ್ಳಿ ಕುದಿಸುತ್ತಾರಲ್ಲ ಅಂತ ಕೇಳಬಹುದು. ನನಗೂ ಅದನ್ನು ನೋಡಿಯೇ ಆ ಯೋಚನೆ ಬಂದಿದ್ದು. ಅದು ಹುಳಕ್ಕೆ ಮಾಡಿದ್ದು. ಅದರಲ್ಲಿ ಹೊಗೆಸೊಪ್ಪು, ಹಸಿಮೆಣಸಿನಕಾಯಿಯ ಖಾರ ಇರುತ್ತದೆ. ಕಾಯಿಕೊಳೆ ಹುಳ ಅಲ್ಲ, ಶಿಲೀಂಧ್ರ.

ಈಗ ನಾನು ಹಸಿ ಎಸಳು ಜಜ್ಜಿ, ಹತ್ತು ನಿಮಿಷ ಬಿಟ್ಟು, ತಣ್ಣೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಅವತ್ತೇ ಸಂಜೆ ಹೊಡೆಯುತ್ತೇನೆ. ಅಲಿಸಿನ್ ತಾಳಿಕೆಯ ವಸ್ತು ಅಲ್ಲ, ಡ್ರಮ್ಮಿನಲ್ಲಿ ತುಂಬಿಡಬೇಡಿ. ಗಟ್ಟಿಯಾದರೆ ಎಲೆ ಸುಡುತ್ತದೆ, ಮೊದಲು ನಾಲ್ಕು ಗಿಡಕ್ಕೆ ಹೊಡೆದು ನೋಡಿ. ಕೊಳೆತ ಹಣ್ಣು ವಾಸಿಯಾಗಲ್ಲ, ಅದನ್ನು ಕಿತ್ತು ಹೊಲದಿಂದ ಆಚೆ ಒಯ್ಯಲೇಬೇಕು.

ಇನ್ನು "ಯಾವುದು ಒಳ್ಳೇದು" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬೆಳ್ಳುಳ್ಳಿ ರಸ ಎಲೆ, ಕಾಯಿಯ ಮೇಲೆ ಸ್ವಲ್ಪ ಹೊತ್ತು ಕೆಲಸ ಮಾಡಿ ಮುಗಿಯುತ್ತದೆ. ಟ್ರೈಕೋಡರ್ಮಾ ಜೀವ ಇರುವ ಶಿಲೀಂಧ್ರ. ಮಣ್ಣಿನಲ್ಲಿ ಬೆಳೆದು, ರೋಗದ ಶಿಲೀಂಧ್ರಕ್ಕೆ ಸುತ್ತಿಕೊಂಡು, ಅದರ ಗೋಡೆ ಕರಗಿಸಿ ತಿನ್ನುತ್ತದೆ. ಸೊರಗು ರೋಗ, ಬೇರುಕೊಳೆಗೆ ಅದೇ ಬೇಕು. 1 ಕೆಜಿ ಪುಡಿಯನ್ನು 100 ಕೆಜಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಆರದಂತೆ ಎರಡು ವಾರ ಮುಚ್ಚಿಟ್ಟು, ನಾಟಿಗೆ ಮೊದಲೇ ಸಾಲಿಗೆ ಹಾಕಿ. ಗಿಡ ಸೊರಗಿದ ಮೇಲೆ ಹಾಕುವುದು ಸುಮ್ನೆ ಖರ್ಚು.

ಎರಡನ್ನೂ ಒಂದೇ ಟ್ಯಾಂಕಿಗೆ ಮಾತ್ರ ಸುರಿಯಬೇಡಿ. ಅಲಿಸಿನ್‌ಗೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಅನ್ನುವ ಭೇದ ಇಲ್ಲ. ಪುಡಿ ಕೊಳ್ಳುವಾಗ ಪೊಟ್ಟಣದ ಮೇಲಿನ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಅರ್ಧ ರೇಟಿಗೆ ಕೊಟ್ಟರೂ ತರಬೇಡಿ.