ಮೊಣಕಾಲುದ್ದ ನೀರಲ್ಲಿ ಒಂದು ಗಂಟೆ

ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು, ಮನೆಯ ಗುರುತು ಎಲ್ಲ ಬದಲಾಯಿಸಿದ್ದೇನೆ. ನದಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಆ ನದಿಯ ನೀರು ಹೇಗೆ ಹರಿಯುತ್ತದೆ ಅಂತ ಗೊತ್ತಾಗದೆ ಇವರ ಜಗಳ ಅರ್ಥವಾಗುವುದಿಲ್ಲ.

ಅವರನ್ನು ಹರೀಶ, ಅಕ್ಷತಾ ಎನ್ನೋಣ. ಮದುವೆಯಾಗಿ ಐದು ವರ್ಷ. ಉಡುಪಿಯಲ್ಲಿ ಬಾಡಿಗೆ ಮನೆ. ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ದಂಪತಿಗಳಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಏಪ್ರಿಲ್ ಕೊನೆಯ ವಾರ ನನ್ನ ಹತ್ತಿರ ಬಂದರು. ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ನಡುವೆ ಅಕ್ಷತಾ ತನ್ನ ಬ್ಯಾಗ್ ಇಟ್ಟುಕೊಂಡರು.

"ಬೋಟಿಂಗ್‌ಗೆ ಹೋಗಿದ್ದೆವು ಮೇಡಂ" ಎಂದರು ಹರೀಶ. "ಅಲ್ಲಿಂದ ಬಂದ ಮೇಲೆ ಇವಳು ಮಾತಾಡ್ತಾ ಇಲ್ಲ. ಮೂರು ವಾರ ಆಯ್ತು."

"ಮಾತಾಡ್ತೇನೆ. ಹಾಲು ಬಂತಾ, ಗ್ಯಾಸ್ ಬುಕ್ ಆಯ್ತಾ, ಅಷ್ಟು ಮಾತಾಡ್ತೇನೆ" ಎಂದರು ಅಕ್ಷತಾ. ಗಂಡನ ಕಡೆ ನೋಡಲಿಲ್ಲ.

ಆಗಿದ್ದು ಇಷ್ಟು. ಬೇಸಿಗೆ ಶುರುವಾದ ಮೇಲೆ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ ಮೊದಲ ಭಾನುವಾರ ಅದು. ಕಯಾಕ್‌ನಲ್ಲಿ ಹೋಗಬೇಕು ಅಂತ ಅಕ್ಷತಾಗೆ ಹಿಂದಿನ ವರ್ಷದಿಂದ ಆಸೆ. ಕೋಡಿಬೆಂಗ್ರೆಯ ಕಡೆ ಹೋದರು. ಸ್ವರ್ಣಾ, ಸೀತಾ ಎರಡೂ ನದಿಗಳು ಅಲ್ಲಿ ಸೇರಿ ಕಡಲಿಗೆ ಹೋಗುತ್ತವೆ. ನಡುವೆ ಕುದ್ರುಗಳು, ಅಂದರೆ ನದಿಯೊಳಗಿನ ಸಣ್ಣ ದ್ವೀಪಗಳು. ದಡದುದ್ದಕ್ಕೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು. ಇಬ್ಬರು ಕೂರುವ ಒಂದು ಕಯಾಕ್ ಬಾಡಿಗೆಗೆ ತೆಗೆದುಕೊಂಡರು. ಸಂಜೆ ನಾಲ್ಕು ಗಂಟೆ. ಹಿಂದಿನ ದಿನ ಹುಣ್ಣಿಮೆಯಾಗಿತ್ತು.

ಹೋಗುವಾಗ ತುಂಬಾ ಖುಷಿಯಾಗಿತ್ತಂತೆ. ಹುಟ್ಟು ಹಾಕದಿದ್ದರೂ ಕಯಾಕ್ ತಾನೇ ಮುಂದೆ ಹೋಗುತ್ತಿತ್ತು. ಬೆಳ್ಳಕ್ಕಿ ನೋಡಿದರು, ಫೋಟೋ ತೆಗೆದರು. ಇಪ್ಪತ್ತು ನಿಮಿಷ ಕಳೆದ ಮೇಲೆ ವಾಪಸ್ ತಿರುಗಿಸಿದರು. ಆಗ ಕಷ್ಟ ಶುರುವಾಯಿತು.

ಕರಾವಳಿಯವರಿಗೆ ಇದು ಗೊತ್ತಿರುವ ವಿಷಯ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಕಡಿಮೆ. ಸ್ವರ್ಣಾ ನದಿಯ ನೀರನ್ನು ಉಡುಪಿಗೆ ಕುಡಿಯಲು ಬಜೆ ಅಣೆಕಟ್ಟಿನಲ್ಲಿ ಹಿಡಿದಿಟ್ಟುಕೊಳ್ಳುವ ಕಾಲ ಅದು. ಹಾಗಾಗಿ ನದಿ ಕಡಲು ಸೇರುವ ಅಳಿವೆಯ ಹತ್ತಿರ ನದಿಯನ್ನು ಆಡಿಸುವುದು ಕಡಲೇ. ಸುಮಾರು ಆರು ಗಂಟೆ ನೀರು ಏರುವ ಭರತ, ಆರು ಗಂಟೆ ಇಳಿತ. ಹುಣ್ಣಿಮೆ, ಅಮಾವಾಸ್ಯೆಗೆ ಎರಡೂ ಜೋರು. ಆ ದಿನಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಹೊತ್ತಿಗೆ ನೀರು ತುಂಬಿ, ಸಂಜೆಯವರೆಗೂ ಇಳಿಯುತ್ತಲೇ ಇರುತ್ತದೆ. ನಾಲ್ಕು ಗಂಟೆಗೆ ಕೆಳಗೆ ಹೋದವರನ್ನು ಕರೆದುಕೊಂಡು ಹೋಗಿದ್ದು ಇಳಿತ. ಅದೇ ಇಳಿತ ವಾಪಸ್ ಬರಲು ಬಿಡಲಿಲ್ಲ.

ಅಕ್ಷತಾ ಮುಂದಿನ ಸೀಟಿನಲ್ಲಿದ್ದರು, ಹರೀಶ ಹಿಂದೆ. ಹಿಂದಿನಿಂದ ಕೂಗು ಶುರುವಾಯಿತು. "ಬಲಕ್ಕೆ! ಬಲಕ್ಕೆ ಹಾಕು!" ಅಕ್ಷತಾ ಬಲಗಡೆ ಹುಟ್ಟು ಹಾಕಿದರು. ಕಯಾಕ್ ಎಡಕ್ಕೆ ತಿರುಗಿತು. "ಬಲಕ್ಕೆ ಅಂದ್ರೆ ಬಲಕ್ಕೆ! ಎಂಥ ಮಾರಾಯ್ತಿ ನೀನು!" ಅಕ್ಷತಾ ಇನ್ನೂ ಜೋರಾಗಿ ಬಲಗಡೆಯೇ ಹಾಕಿದರು. ಕಯಾಕ್ ಇನ್ನೂ ಎಡಕ್ಕೆ ಹೋಗಿ ಕಾಂಡ್ಲಾ ಬೇರುಗಳಿಗೆ ತಾಗಿತು.

ಇಲ್ಲಿ ನಾನು ಮಾತು ನಿಲ್ಲಿಸಿ ಒಂದು ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟೆ. ಬಲಗಡೆ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ತಿರುಗುತ್ತದೆ ಅಂತ ಪೆನ್ಸಿಲ್ ತಿರುಗಿಸಿ ತೋರಿಸಿದೆ. ಹರೀಶ ಹೇಳಿದ್ದು ಬಲಕ್ಕೆ ತಿರುಗಿಸು ಅಂತ. ಅಕ್ಷತಾ ಕೇಳಿಸಿಕೊಂಡಿದ್ದು ಬಲಗಡೆ ಹುಟ್ಟು ಹಾಕು ಅಂತ. ಅವರು ಹೇಳಿದ ಮಾತನ್ನೇ ಇವರು ಪಾಲಿಸುತ್ತಿದ್ದರು. ಪಾಲಿಸಿದಷ್ಟೂ ಬೈಗುಳ ಜಾಸ್ತಿಯಾಯಿತು. ಹರೀಶ ಪೆನ್ಸಿಲ್ ಅನ್ನೇ ತುಂಬಾ ಹೊತ್ತು ನೋಡಿದರು.

ಇಂಥ "ಬಲಕ್ಕೆ" ಎಷ್ಟು ಮನೆಗಳಲ್ಲಿ ಇದೆ ಅಂತ ನನಗೆ ಗೊತ್ತು. "ಸ್ವಲ್ಪ ನೋಡ್ಕೋ" ಅನ್ನುತ್ತಾರೆ. ಏನನ್ನು ನೋಡಿಕೊಳ್ಳಬೇಕು, ಎಷ್ಟು ನೋಡಿಕೊಳ್ಳಬೇಕು ಅಂತ ಹೇಳುವುದಿಲ್ಲ. ಆಮೇಲೆ ನೋಡಿಕೊಳ್ಳಲಿಲ್ಲ ಅಂತ ಸಿಟ್ಟು.

ಐದೂವರೆಯ ಹೊತ್ತಿಗೆ ಕಯಾಕ್ ಒಂದು ಮರಳು ದಿಬ್ಬದ ಮೇಲೆ ಕೂತುಬಿಟ್ಟಿತು. ನೀರು ಇಳಿಯುತ್ತಾ ಇತ್ತು. ಸುತ್ತ ನೀರೇ ಕಾಣುತ್ತಿದ್ದುದರಿಂದ ಆಳ ಇದೆ ಅಂತಲೇ ಇಬ್ಬರೂ ಅಂದುಕೊಂಡರು. ಅಲ್ಲಿ ಕೂತು ಒಂದು ಗಂಟೆ ಜಗಳ ಆಡಿದರು. ಆಡಬಾರದ ಮಾತೆಲ್ಲ ಬಂತು. "ನಿನ್ನ ಕೈಯಲ್ಲಿ ಒಂದು ಕೆಲಸ ನೆಟ್ಟಗೆ ಆಗುವುದಿಲ್ಲ" ಅಂತ ಹರೀಶ. "ನಿಮ್ಮನ್ನು ನಂಬಿ ಬಂದದ್ದೇ ನನ್ನ ತಪ್ಪು" ಅಂತ ಅಕ್ಷತಾ.

ಕತ್ತಲಾಗುತ್ತಾ ಬಂದಾಗ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಹಿಡಿದುಕೊಂಡು ನಡೆದುಕೊಂಡೇ ಇವರ ಹತ್ತಿರ ಬಂದರು. ನೀರು ಅವರ ಮೊಣಕಾಲಿಗಿತ್ತು. "ಇಳಿದು ತಳ್ಳಿ ಅಮ್ಮ, ಇಲ್ಲಿ ಎಂಥ ಆಳ ಉಂಟು?" ಅಂದರಂತೆ. ಆ ಹೆಂಗಸೇ ಮುಂದೆ ನಡೆದು, ಕೆಸರಿಲ್ಲದ ಗಟ್ಟಿ ಮರಳು ಎಲ್ಲಿದೆ ಅಂತ ಕಾಲಲ್ಲಿ ನೋಡಿ ನೋಡಿ ದಡ ಮುಟ್ಟಿಸಿದರು.

ಇದನ್ನು ಹೇಳುವಾಗ ಅಕ್ಷತಾ ಅತ್ತರು. ಭಯಕ್ಕಲ್ಲ. "ಅವರೆದುರು ನಾವಿಬ್ಬರೂ ಮುಖ ತಿರುಗಿಸಿಕೊಂಡು ನಿಂತಿದ್ದೆವು ಮೇಡಂ. ಥ್ಯಾಂಕ್ಸ್ ಹೇಳಲಿಕ್ಕೂ ಬಾಯಿ ಬರಲಿಲ್ಲ."

ನಾನು ಯಾವಾಗಲೂ ಇಬ್ಬರನ್ನೂ ಒಬ್ಬೊಬ್ಬರಾಗಿಯೂ ಮಾತಾಡಿಸುತ್ತೇನೆ. ಮನೆಯಲ್ಲಿ ಕೈ ಮಾಡಿದ್ದುಂಟಾ, ಹೆದರಿಸಿದ್ದುಂಟಾ ಅಂತ ಕೇಳುತ್ತೇನೆ. ಇಲ್ಲಿ ಅದಿರಲಿಲ್ಲ. ಇದ್ದಿದ್ದರೆ ನಾನು ಮುಂದೆ ಬರೆಯುವ ಯಾವ ಸಲಹೆಯನ್ನೂ ಕೊಡುತ್ತಿರಲಿಲ್ಲ. ಹೊಡೆತ ಇರುವ ಮನೆಯಲ್ಲಿ ಮೊದಲು ಬೇಕಾದದ್ದು ಸುರಕ್ಷತೆ. ಓದುವವರಲ್ಲಿ ಯಾರಾದರೂ ಅಂಥ ಸ್ಥಿತಿಯಲ್ಲಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಒಬ್ಬರೇ ಕೂತಾಗ ಅಕ್ಷತಾ ಇನ್ನೊಂದು ವಿಷಯ ಹೇಳಿದರು. ಹಿಂದಿನ ವರ್ಷ ಹರೀಶ ತಮ್ಮನ ಅಂಗಡಿಗೆಂದು ಬ್ಯಾಂಕಿನಲ್ಲಿ ಸಾಲ ತೆಗೆದಿದ್ದರು. ಹೆಂಡತಿಗೆ ಹೇಳಿರಲಿಲ್ಲ. ಎಂಟು ತಿಂಗಳಾದ ಮೇಲೆ, ಒಂದು ಕಂತು ತಪ್ಪಿದ್ದಕ್ಕೆ ಬಂದ ಮೆಸೇಜ್ ನೋಡಿ ಅಕ್ಷತಾಗೆ ಗೊತ್ತಾಯಿತು. ಆ ಎಂಟು ತಿಂಗಳೂ "ನೀನು ಖರ್ಚು ಜಾಸ್ತಿ ಮಾಡ್ತೀಯ" ಅಂತ ಇವರಿಗೇ ಮಾತು ಬೀಳುತ್ತಿತ್ತು. ಅದು ಹೇಗೋ ಮುಗಿದ ಹಾಗೆ ಆಗಿತ್ತು. ಮುಗಿದಿರಲಿಲ್ಲ.

ಎರಡನೇ ಭೇಟಿಯಲ್ಲಿ ನಾನು ಎರಡು ಕುರ್ಚಿಗಳನ್ನು ಒಂದರ ಹಿಂದೆ ಒಂದು ಇಟ್ಟೆ. ಎರಡಕ್ಕೂ ಗೋಡೆಯ ಕಡೆ ಮುಖ. ಹರೀಶರನ್ನು ಮುಂದೆ ಕೂರಿಸಿದೆ, ಅಕ್ಷತಾರನ್ನು ಹಿಂದೆ. ಆ ಸಂಜೆಯ ಕತೆಯನ್ನು ಅಕ್ಷತಾ ಹೇಳಲಿ, ನೀವು ಗೋಡೆ ನೋಡಿಕೊಂಡೇ ಕೇಳಿ ಅಂದೆ. ಎರಡು ನಿಮಿಷದಲ್ಲಿ ಹರೀಶ ಮೂರು ಸಲ ಹಿಂತಿರುಗಿದರು. "ಮುಖ ಕಾಣದೆ ಹೇಗೆ ಕೇಳುವುದು ಮೇಡಂ, ಏನೋ ಹೆದರಿಕೆ ಆಗ್ತದೆ" ಎಂದರು.

"ಆ ದಿನ ನನಗೂ ಹಾಗೇ ಆಗಿತ್ತು" ಎಂದರು ಅಕ್ಷತಾ.

ಇಬ್ಬರ ಕಯಾಕ್‌ನಲ್ಲಿ ಇದೇ ಸೂಕ್ಷ್ಮ. ಮುಂದಿನವರು ಹುಟ್ಟಿನ ತಾಳ ಇಡಬೇಕು. ದಿಕ್ಕು ತಿರುಗಿಸುವ ಕೆಲಸ ಹೆಚ್ಚಾಗಿ ಹಿಂದಿನವರದ್ದು. ಹಿಂದಿನವರಿಗೆ ಮುಂದಿನವರ ಪ್ರತಿ ತಪ್ಪೂ ಕಾಣುತ್ತದೆ. ಮುಂದಿನವರಿಗೆ ಹಿಂದೆ ಏನಾಗುತ್ತಿದೆ ಅಂತ ಏನೂ ಕಾಣುವುದಿಲ್ಲ, ಬರೀ ದನಿ ಕೇಳುತ್ತದೆ. ಆ ದನಿಯಲ್ಲಿ ಬೈಗುಳ ಮಾತ್ರ ಇದ್ದರೆ, ತಪ್ಪೆಲ್ಲ ತನ್ನದೇ ಅಂತ ಅವರು ನಂಬಿಬಿಡುತ್ತಾರೆ.

ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾಗಲೇ ಹರೀಶ ಬಾಯಿ ಬಿಟ್ಟರು. ಕಯಾಕ್ ಕೊಟ್ಟ ಹುಡುಗ ಹೊರಡುವ ಮೊದಲೇ ಅವರಿಗೆ ಹೇಳಿದ್ದನಂತೆ: "ಈಗ ಇಳಿತ ಉಂಟು ಸಾರ್, ಕೆಳಗೆ ಹೋಗ್ಬೇಡಿ, ಮೇಲಿನ ಕಡೆ ಹೋಗಿ." ಅಕ್ಷತಾ ಆಗ ಲೈಫ್ ಜಾಕೆಟ್ಟಿನ ಬೆಲ್ಟ್ ಹಾಕಿಸಿಕೊಳ್ಳುತ್ತಾ ದೂರ ನಿಂತಿದ್ದರು, ಅವರಿಗೆ ಕೇಳಿಸಿರಲಿಲ್ಲ. ಹರೀಶ ಕೇಳಿಯೂ ಕೆಳಗೇ ಹೋದರು. ಅಳಿವೆ ತೋರಿಸಬೇಕು ಅಂತ ಆಸೆ. ಆಮೇಲೆ ಕಯಾಕ್ ಮುಂದೆ ಹೋಗದಿದ್ದಾಗ ಯಾಕೆ ಹೋಗುತ್ತಿಲ್ಲ ಅಂತ ಅವರಿಗೆ ಮೊದಲ ನಿಮಿಷದಲ್ಲೇ ಗೊತ್ತಿತ್ತು. ಮೂರು ವಾರ ಅದನ್ನು ಒಳಗೆ ಇಟ್ಟುಕೊಂಡಿದ್ದರು.

"ಹೇಳಿದ್ದರೆ ಇವಳು ಹೆದರ್ತಿದ್ದಳು" ಎಂದರು.

"ನಾನು ಹೆದರಿಯೇ ಇದ್ದೆನಲ್ಲ" ಎಂದರು ಅಕ್ಷತಾ. "ಒಬ್ಬಳೇ ಹೆದರಿದೆ, ಅಷ್ಟೇ."

ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ.

ಹರೀಶ ಕೆಟ್ಟವರಲ್ಲ. ಸಾಲವನ್ನೂ, ಇಳಿತವನ್ನೂ ಅವರು ಮುಚ್ಚಿಟ್ಟಿದ್ದು ಹೆಂಡತಿಯನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು. ನಮ್ಮ ಕಡೆ ಗಂಡುಮಕ್ಕಳನ್ನು ಹಾಗೇ ಬೆಳೆಸುತ್ತೇವೆ. ಕಷ್ಟ ಹೇಳಿಕೊಳ್ಳಬಾರದು, ಮನೆಯವರಿಗೆ ಗೊತ್ತಾಗಬಾರದು. ಆದರೆ ಮುಚ್ಚಿಟ್ಟ ವಿಷಯ ಒಳಗೆ ಕೂತು ಕುಟುಕುತ್ತದೆ. ಆ ಕುಟುಕು ಸಿಟ್ಟಾಗಿ ಎದುರಿನವರ ಮೇಲೆ ಬೀಳುತ್ತದೆ. ಅವರು ಕೂಗಿದ್ದು ಅಕ್ಷತಾರ ಹುಟ್ಟಿನ ಮೇಲಿನ ಸಿಟ್ಟಿಗಲ್ಲ ಅಂತ ನನಗೆ ಅನ್ನಿಸುತ್ತದೆ. ಹಾಗಂತ ಅದರ ಭಾರ ಹೊರಬೇಕಾದವರು ಅಕ್ಷತಾ ಅಲ್ಲ.

ನಾನು ಹರೀಶರಿಗೆ ಹೇಳಿದ್ದು ಒಂದೇ ದೊಡ್ಡ ಮಾತು. ಗೊತ್ತಿರುವುದನ್ನು ಗೊತ್ತಾದ ದಿನವೇ ಹೇಳಿ. ಪರಿಹಾರ ಸಿಕ್ಕ ಮೇಲೆ ಹೇಳೋಣ ಅಂತ ಕಾಯಬೇಡಿ. "ನೀನೂ ಸರಿಯಾಗಿ ಹುಟ್ಟು ಹಾಕಬೇಕಿತ್ತು" ಅಂತ ಬಾಲ ಸೇರಿಸದೆ ಕ್ಷಮೆ ಕೇಳಿ. ಸಾಲ ಎಷ್ಟು ಬಾಕಿ, ಎಷ್ಟು ಕಂತು, ಯಾವ ತಾರೀಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಅಂದಾಜು ಲೆಕ್ಕ ಬೇಡ, ಬ್ಯಾಂಕಿನ ಸ್ಟೇಟ್‌ಮೆಂಟ್ ಇಟ್ಟುಕೊಂಡೇ ಬರೆಯಿರಿ.

ಅಕ್ಷತಾಗೂ ಹೇಳುವುದಿತ್ತು. ಮೂರು ವಾರದ ಮೌನ ಅವರಿಗೂ ಹಿಂಸೆಯೇ ಆಗಿತ್ತು. ನಿದ್ದೆ ಕೆಟ್ಟಿತ್ತು. ಕೂಡಲೇ ಮಾತಾಡಲು ಆಗದಿದ್ದರೆ ತಪ್ಪಿಲ್ಲ. ಜಗಳದಲ್ಲಿ ಎದೆ ಹೊಡೆದುಕೊಳ್ಳುತ್ತಿರುವಾಗ ಯಾರಿಗೂ ಮಾತು ಸರಿಯಾಗಿ ಕೇಳಿಸುವುದಿಲ್ಲ. ದಂಪತಿಗಳ ಜಗಳವನ್ನು ಹತ್ತಾರು ವರ್ಷ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಅಂಥ ಹೊತ್ತಲ್ಲಿ ಕನಿಷ್ಠ 20 ನಿಮಿಷ ಬಿಡುವು ತೆಗೆದುಕೊಳ್ಳಿ ಎನ್ನುತ್ತಾರೆ. ಆದರೆ ಬಿಡುವಿಗೆ ಒಂದು ಕೊನೆ ಬೇಕು. "ಈಗ ನನಗೆ ಆಗುವುದಿಲ್ಲ. ರಾತ್ರಿ ಊಟ ಆದ ಮೇಲೆ ಮಾತಾಡೋಣ" ಅಂತ ಹೊತ್ತು ಹೇಳಿ ಎದ್ದು ಹೋಗಿ, ಆ ಹೊತ್ತಿಗೆ ಬಂದು ಕೂರಿ ಅಂದೆ. ಮತ್ತೆ, ಅರ್ಥವಾಗದ ಮಾತನ್ನು ಪಾಲಿಸಬೇಡಿ. "ಬಲಕ್ಕೆ ಅಂದ್ರೆ ಯಾವ ಬಲ?" ಅಂತ ಕೇಳಿಬಿಡಿ. ಅವರು ರೇಗಿದರೂ ಕೇಳಿ.

ಒಟ್ಟಿಗೆ ಮಾಡಲು ಒಂದು ಕೆಲಸ ಕೊಟ್ಟೆ. ಮಳೆ ಶುರುವಾಗುವ ಮೊದಲು ಅದೇ ನದಿಗೆ ಇನ್ನೊಂದು ಸಲ ಹೋಗಿ ಬನ್ನಿ. ಅಷ್ಟಮಿಯ ಆಸುಪಾಸು ಹೋಗಿ, ಆಗ ಭರತ ಇಳಿತ ಎರಡೂ ಮೆತ್ತಗಿರುತ್ತವೆ. ಸ್ಥಳದವರನ್ನು ಇಬ್ಬರೂ ಒಟ್ಟಿಗೆ ನಿಂತು ಕೇಳಿ. ನೀರು ಬರುವ ದಿಕ್ಕಿಗೆ ಮೊದಲು ಹೋಗಿ, ಸುಸ್ತಾದ ಮೇಲೆ ನೀರೇ ನಿಮ್ಮನ್ನು ವಾಪಸ್ ತರಲಿ. ಜಾಕೆಟ್ ಬಿಚ್ಚಬೇಡಿ. ಗೊತ್ತಿರುವವರೊಬ್ಬರು ಇನ್ನೊಂದು ದೋಣಿಯಲ್ಲಿ ಜೊತೆಗಿರಲಿ. ಮತ್ತು ಸೀಟು ಬದಲಾಯಿಸಿ. ಭಾರ ಜಾಸ್ತಿ ಇರುವವರು ಮುಂದೆ ಕೂತರೆ ತಿರುಗಿಸುವುದು ಸ್ವಲ್ಪ ಕಷ್ಟ. ಇರಲಿ, ಅರ್ಧ ಗಂಟೆ ಸಾಕು.

ಎಲ್ಲ ಜೋಡಿಗಳಿಗೂ ಹೀಗೆ ಹೇಳುವುದಿಲ್ಲ. ನೀರು ಕಂಡರೆ ನಡುಗುವವರಿಗೆ ಹೇಳುತ್ತಲೇ ಇರಲಿಲ್ಲ. ಅಕ್ಷತಾಗೆ ನದಿಯ ಮೇಲೆ ಸಿಟ್ಟಿರಲಿಲ್ಲ. ಆ ಆಸೆ ಹಾಳಾಗಿ ಹೋಯಿತಲ್ಲ ಅಂತ ಬೇಸರ ಇತ್ತು.

ಮೇ ತಿಂಗಳ ಕೊನೆಯ ಭೇಟಿಗೆ ಬಂದಾಗ ಹರೀಶರ ಮೂಗು ಬಿಸಿಲಿಗೆ ಕೆಂಪಾಗಿತ್ತು. ಹೋಗಿ ಬಂದಿದ್ದರು. ಮುಂದೆ ಕೂತ ಹರೀಶ ಮೊದಲ ಹತ್ತು ನಿಮಿಷ ಹಿಂತಿರುಗಿ ಹಿಂತಿರುಗಿ ನೋಡಿ ಕಯಾಕ್ ಅಲ್ಲಾಡಿಸಿದರಂತೆ. "ತಿರುಗಬೇಡಿ, ಎಲ್ಲ ನಾನು ಹೇಳ್ತೇನೆ" ಅಂದರಂತೆ ಅಕ್ಷತಾ. ಆಮೇಲೆ ಹಿಂದಿನಿಂದ ಹೇಳುತ್ತಲೇ ಹೋದರಂತೆ. ಎಡಗಡೆ ಬೇರು ಉಂಟು. ಈಗ ನಾನು ಹಾಕುವುದಿಲ್ಲ, ನೀವೊಬ್ಬರೇ ಹಾಕಿ. ನನಗೆ ಕೈ ನೋಯ್ತಾ ಉಂಟು. ಬೆಳ್ಳಕ್ಕಿ ನೋಡಿ.

ಮರುವಾಯಿ ಹೆಕ್ಕುವ ಆ ಹೆಂಗಸನ್ನು ಹುಡುಕಿದರಂತೆ. ಸಿಗಲಿಲ್ಲ. ಇನ್ನೊಂದು ಸಲ ಇಳಿತದ ಹೊತ್ತಿಗೆ ದಡದ ಮೇಲೆ ಹೋಗಿ ನೋಡುತ್ತೇವೆ ಎಂದರು.

ಎಲ್ಲ ಸರಿಹೋಗಿಲ್ಲ. ಹರೀಶರ ತಮ್ಮ ಅಂಗಡಿಯ ದುಡ್ಡನ್ನು ಇನ್ನೂ ವಾಪಸ್ ಕೊಟ್ಟಿಲ್ಲ. ಆ ಮಾತು ಬಂದರೆ ಈಗಲೂ ದನಿ ಏರುತ್ತದೆ. ಅಕ್ಷತಾ ಎರಡು ಸಲ ಊಟ ಆದ ಮೇಲೆ ಮಾತಾಡೋಣ ಅಂದು, ಒಂದು ಸಲ ಮಾತ್ರ ಬಂದು ಕೂತರು. ಆದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಐದನೇ ತಾರೀಕಿಗೆ ಈಗ ಕಂತಿನ ಮೊತ್ತ ಬರೆದಿದೆ. ಮೊದಲ ಮೂರು ತಿಂಗಳದ್ದು ಹರೀಶರ ಅಕ್ಷರ. ಅಲ್ಲಿಂದ ಮುಂದಿನದ್ದು ಅಕ್ಷತಾರದ್ದು.