ಆಲೂಗಡ್ಡೆ ಚೀಸ್ ವಾಫಲ್ ಅಂಟಿಕೊಂಡು ಹರಿದುಹೋಗುತ್ತದೆ. ಗರಿಗರಿಯಾಗಿ ಬರಲು ಏನು ಮಾಡಬೇಕು?

ಹಸಿ ಆಲೂಗಡ್ಡೆ ತುರಿದು ಚೀಸ್ ಬೆರೆಸಿ ಹಾಕಿದೆ, ಮೇಲೆ ಕೆಂಪಗಾದರೂ ಒಳಗೆ ಹಸಿ, ಮುಚ್ಚಳ ತೆಗೆದರೆ ಎರಡು ಹೋಳು ಅಂತ ಬರೆದಿದ್ದೀರಿ. ಇದಕ್ಕೆಲ್ಲ ಮುಖ್ಯ ಕಾರಣ ನೀರು. ಆಲೂಗಡ್ಡೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಅದು ಹೋಗುವ ತನಕ ತುರಿ ಬೇಯುತ್ತದೆ ಅಷ್ಟೇ, ಗರಿಗರಿ ಆಗುವುದಿಲ್ಲ.

ಅರ್ಧ ಕೆ.ಜಿ. ಆಲೂಗಡ್ಡೆ ತೆಗೆದುಕೊಳ್ಳಿ. ಸಿಪ್ಪೆ ತೆಗೆದು ತುರಿಮಣೆಯ ದೊಡ್ಡ ತೂತಿನ ಕಡೆ ತುರಿಯಿರಿ. ಅರ್ಧ ಚಮಚ ಉಪ್ಪು ಬೆರೆಸಿ 10 ನಿಮಿಷ ಬಿಡಿ. ಆಮೇಲೆ ತೆಳು ಬಟ್ಟೆಗೆ ಹಾಕಿ, ಗಂಟು ಬಿಗಿದು, ತಿರುಚಿ ತಿರುಚಿ ಹಿಂಡಿ. ಬರೀ ಕೈಯಲ್ಲಿ ಹಿಂಡಿದರೆ ಸಾಲದು. ಸಾಕು ಅನ್ನಿಸಿದ ಮೇಲೂ ಒಂದು ಸಲ ಹಿಂಡಿ, ಇನ್ನೂ ಬರುತ್ತದೆ!

ಹಿಂಡಿದ ನೀರನ್ನು ಸುಮ್ನೆ ಚೆಲ್ಲಬೇಡಿ. ಐದು ನಿಮಿಷ ಬಟ್ಟಲಲ್ಲೇ ಇರಲಿ. ನಿಧಾನವಾಗಿ ಬಗ್ಗಿಸಿ ನೀರು ಚೆಲ್ಲಿದರೆ ತಳದಲ್ಲಿ ಬೆಳ್ಳಗೆ, ಗಟ್ಟಿಯಾಗಿ ಏನೋ ಕೂತಿರುತ್ತದೆ. ಅದು ಆಲೂಗಡ್ಡೆಯ ಸ್ಟಾರ್ಚ್. ಚಮಚದಲ್ಲಿ ಕೆರೆದು ತುರಿಗೇ ಸೇರಿಸಿ. ವಾಫಲ್ ಹರಿಯದಂತೆ ಹಿಡಿದಿಡುವುದರಲ್ಲಿ ಇದರ ಪಾಲು ದೊಡ್ಡದು, ಹಾಗಾಗಿ ಮೈದಾ ಎರಡು ದೊಡ್ಡ ಚಮಚ ಸಾಕಾಗುತ್ತದೆ. ಜೊತೆಗೆ ಎರಡು ಮೊಟ್ಟೆ, ಕಾಳುಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, 100 ಗ್ರಾಂ ತುರಿದ ಚೀಸ್. ಚೀಸ್‌ನಲ್ಲೂ ಉಪ್ಪಿರುತ್ತದೆ, ಮತ್ತೆ ಉಪ್ಪು ಹಾಕುವ ಮುಂಚೆ ಯೋಚಿಸಿ.

ಚೀಸ್ ವಿಷಯದಲ್ಲಿ ನನ್ನ ಮತ ಚೆಡ್ಡಾರ್‌ಗೆ. ರುಚಿ ಎದ್ದು ಕಾಣುತ್ತದೆ. ತಾಜಾ ಮೊಝರೆಲ್ಲಾದಲ್ಲಿ ನೀರು ಜಾಸ್ತಿ, ಅದೊಂದನ್ನೇ ಹಾಕಿದರೆ ಮತ್ತೆ ಅದೇ ತೊಂದರೆ.

ಇನ್ನು ವಾಫಲ್ ಮೇಕರ್. ಪೂರ್ತಿ ಕಾಯಲಿ. ಎರಡೂ ಕಡೆ, ಮೂಲೆಮೂಲೆಗೂ ಎಣ್ಣೆ ಸವರಿ. ಮಿಶ್ರಣವನ್ನು ತೆಳ್ಳಗೆ ಹರಡಿ ಮುಚ್ಚಿ. ಮೊದಲು ಆವಿ ಬುಸಬುಸ ಬರುತ್ತದೆ. ಆಗ ತೆಗೆದರೆ ಹರಿಯುವುದು ಖಂಡಿತ, ಯಾಕೆಂದರೆ ಕರಗಿದ ಚೀಸ್ ಆ ಹೊತ್ತಿಗೆ ಅಂಟಿನ ಹಾಗಿರುತ್ತದೆ. ಅದೇ ಚೀಸ್ ಕೆಂಪಗೆ ಹುರಿದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಮೇಕರ್‌ನ ದೀಪವನ್ನು ನಂಬಬೇಡಿ, ಅದು ಸಾಮಾನ್ಯ ವಾಫಲ್ ಹಿಟ್ಟಿನ ಲೆಕ್ಕ. ಆವಿ ಹೆಚ್ಚುಕಡಿಮೆ ನಿಂತ ಮೇಲೆ ಮುಚ್ಚಳವನ್ನು ಮೆಲ್ಲಗೆ ಎತ್ತಿ ನೋಡಿ. ಜಗ್ಗಿದರೆ ಇನ್ನೆರಡು ನಿಮಿಷ ಬಿಡಿ. ಹಸಿ ತುರಿಗೆ ಹತ್ತು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ.

ಬೆಳಿಗ್ಗೆ ಇಷ್ಟೆಲ್ಲ ಪುರುಸೊತ್ತು ಎಲ್ಲಿದೆ ಅಂದರೆ, ಬೇಯಿಸಿ ಹಿಸುಕಿದ ಆಲೂಗಡ್ಡೆಯಲ್ಲೂ ಮಾಡಬಹುದು. ಎರಡು ಕಪ್ ಆಲೂಗಡ್ಡೆಗೆ ಎರಡು ಮೊಟ್ಟೆ, ಅರ್ಧ ಕಪ್ ಮೈದಾ, ಕಾಲು ಕಪ್ ಹಾಲು, ಅರ್ಧ ಚಮಚ ಬೇಕಿಂಗ್ ಪೌಡರ್, ಮುಕ್ಕಾಲು ಕಪ್ ಚೀಸ್. ಇದು ಹೊರಗೆ ಗರಿ, ಒಳಗೆ ಮೆತ್ತಗೆ. ನನಗೆ ತುರಿಯದ್ದೇ ಇಷ್ಟ, ಆದರೆ ಹಿಂದಿನ ದಿನದ್ದು ಉಳಿದಿದ್ದರೆ ಇದೇ ಸರಿ.

ಬೆಂದದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ, ಅದರ ಆವಿಗೇ ಮೆತ್ತಗಾಗಿಬಿಡುತ್ತದೆ. ತಂತಿ ಸ್ಟ್ಯಾಂಡಿನ ಮೇಲಿಡಿ. ಎಲ್ಲರಿಗೂ ಒಟ್ಟಿಗೆ ಬಡಿಸಬೇಕಾದರೆ ಆ ಸ್ಟ್ಯಾಂಡನ್ನೇ 100 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿಡಬಹುದು. ಉಳಿದರೆ ಫ್ರೀಜರ್‌ಗೆ ಹಾಕಿ, ಬೇಕಾದಾಗ ಟೋಸ್ಟರ್‌ನಲ್ಲಿ ಬಿಸಿ ಮಾಡಿ. ಮೈಕ್ರೋವೇವ್ ಬೇಡ.

ರಾತ್ರಿಯೇ ತಯಾರಿ ಮಾಡಿಡುವುದಾದರೆ ಚೀಸ್ ತುರಿದಿಡಿ, ಈರುಳ್ಳಿ ಸೊಪ್ಪು ಹೆಚ್ಚಿಡಿ. ಆಲೂಗಡ್ಡೆ ಮಾತ್ರ ಬೆಳಿಗ್ಗೆಯೇ ತುರಿಯಿರಿ. ಗಾಳಿಗೆ ಕಪ್ಪಾಗುತ್ತದೆ, ಉಪ್ಪು ತಾಗಿದ್ದರೆ ರಾತ್ರಿಯಿಡೀ ನೀರು ಬಿಡುತ್ತಲೇ ಇರುತ್ತದೆ.